ಗಡುವಿನ ದಿನದ ಪುಟ್ಟ ವಿನಿಮಯಗಳು: ಟ್ವಿನ್ಸ್ ಅಭಿಮಾನಿಯೊಬ್ಬರ ಸಿಟ್ಟಿಗೆ ಉತ್ತರ

ಪ್ರಶ್ನೆ: ನಾನು ಹಾಸನದ ಕಡೆಯವನು. ಬಹಳ ವರ್ಷಗಳಿಂದ ಮಿನಿಯಾಪೊಲಿಸ್‌ನ ಹೊರವಲಯದಲ್ಲಿ ಕುಟುಂಬದೊಂದಿಗೆ ನೆಲೆಸಿದ್ದೇನೆ. ಮನೆಯಲ್ಲಿ ಬೇಸ್‌ಬಾಲ್ ಹುಚ್ಚು ಮೊದಲು ಹತ್ತಿದ್ದು ಮಗಳಿಗೆ. ಅವಳಿಂದಾಗಿ ನಾವೆಲ್ಲರೂ ಮಿನ್ನೆಸೋಟ ಟ್ವಿನ್ಸ್ ತಂಡದ ಅಭಿಮಾನಿಗಳಾದೆವು. 2023ರಲ್ಲಿ ಆಟಗಾರರ ವಿನಿಮಯದ ಗಡುವಿಗೆ ಮುನ್ನ ನಮ್ಮ ತಂಡ ತಂದದ್ದು ಡಿಲನ್ ಫ್ಲೋರೊ ಎಂಬ ಒಬ್ಬ ರಿಲೀಫ್ ಪಿಚರ್‌ನನ್ನು, ಅಂದರೆ ಪಂದ್ಯದ ನಡುವೆ ಬಂದು ಸ್ವಲ್ಪ ಹೊತ್ತು ಚೆಂಡೆಸೆಯುವವನನ್ನು. 2024ರಲ್ಲಿ ಟ್ರೆವರ್ ರಿಚರ್ಡ್ಸ್ ಎಂಬ ಇನ್ನೊಬ್ಬ ರಿಲೀಫ್ ಪಿಚರ್. ಆ ವರ್ಷ ಕೈಗೆ ಬಂದಿದ್ದ ಪ್ಲೇಆಫ್ ಜಾರಿಹೋಯಿತು. 2025ರಲ್ಲಿ ಕೊಳ್ಳುವ ಮಾತೇ ಇಲ್ಲದೆ ಹತ್ತು ಮಂದಿಯನ್ನು ಸಾಗಹಾಕಿದರು. ಅವರಲ್ಲಿ ಇದೇ ಊರಿನ ಹುಡುಗ ಲೂಯಿ ವಾರ್ಲಂಡ್ ಕೂಡ ಇದ್ದ. ಇದು ಮಾಲೀಕರ ಜಿಪುಣತನವೇ, ಆಡಳಿತದವರ ಅಸಮರ್ಥತೆಯೇ, ಅಥವಾ ನನಗೆ ಅರ್ಥವಾಗದ ಲೆಕ್ಕಾಚಾರವೇ? 2024ರಲ್ಲಿ ಒಬ್ಬ ದೊಡ್ಡ ಆಟಗಾರನನ್ನು ತಂದಿದ್ದರೆ ನಾವು ಪ್ಲೇಆಫ್ ತಲುಪುತ್ತಿದ್ದೆವೇ? ಸೀಸನ್ ಟಿಕೆಟ್ ನವೀಕರಿಸುವಂತೆ ಪತ್ರ ಬಂದಿದೆ, ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಸಂಕಟ ಒಂದೇ. ತಂಡ ಗೆಲ್ಲಲಿ ಎಂದು ನೀವು ಬಯಸುವಷ್ಟು ತಂಡವನ್ನು ನಡೆಸುವವರೇ ಬಯಸುತ್ತಿಲ್ಲವೇನೋ ಎಂಬ ಅನುಮಾನ ನಿಮ್ಮನ್ನು ಕಾಡುತ್ತಿದೆ. ಆಟಗಾರರ ಮೌಲ್ಯಮಾಪನದ ಕೆಲಸದಲ್ಲಿ ಹಲವು ಜುಲೈ ತಿಂಗಳುಗಳನ್ನು ಕಳೆದವನಾಗಿ ಹೇಳುವುದಾದರೆ, ಆ ಅನುಮಾನ ಪೂರ್ತಿ ತಪ್ಪಲ್ಲ. ಆದರೆ ಅದನ್ನು ನೀವು ಜುಲೈ ಅಂತ್ಯದ ಒಂದು ದಿನದ ಮೇಲೆ ಹೊರಿಸುತ್ತಿದ್ದೀರಿ. ತಂಡವೊಂದು ಆ ದಿನ ಎಷ್ಟು ದೊಡ್ಡ ವಿನಿಮಯ ಮಾಡಬಲ್ಲದು ಎಂಬುದು ಬಹುಪಾಲು ಹಿಂದಿನ ನವೆಂಬರ್‌ನಲ್ಲಿ, ಮಾಲೀಕರು ಸಂಬಳದ ಬಜೆಟ್ ಗೊತ್ತುಮಾಡುವಾಗಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಮೂರೂ ವರ್ಷಗಳನ್ನು ಒಂದೇ ತಕ್ಕಡಿಗೆ ಹಾಕದೆ ಒಂದೊಂದನ್ನೂ ಬೇರೆಯಾಗಿ ನೋಡುವುದು ಒಳ್ಳೆಯದು. 2023ರ ಪುಟ್ಟ ವಿನಿಮಯವನ್ನು ನಾನು ಸಮರ್ಥಿಸಬಲ್ಲೆ. 2024ರದನ್ನು ಸಮರ್ಥಿಸಲಾರೆ. 2025ರದ್ದು ಅರ್ಧ ಸರಿ, ಅರ್ಧ ತಪ್ಪು.

ಐಪಿಎಲ್ ನೋಡಿ ಬೆಳೆದ ನಮ್ಮವರಿಗೆ ಇಲ್ಲಿನ ವ್ಯವಸ್ಥೆಯ ಒಂದೆರಡು ಸಂಗತಿಗಳು ವಿಚಿತ್ರವಾಗಿ ಕಾಣುವುದು ಸಹಜ. ಐಪಿಎಲ್‌ನಲ್ಲಿ ಹರಾಜಿಗೆ ಕೂರುವ ಪ್ರತಿಯೊಂದು ತಂಡದ ಒಟ್ಟು ಹಣಕ್ಕೂ ಒಂದೇ ಮಿತಿಯಿದೆ. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಮುಂಬೈ ಇಂಡಿಯನ್ಸ್‌ನಿಂದ ಕ್ಯಾಮರಾನ್ ಗ್ರೀನ್ ಅವರನ್ನು 17.5 ಕೋಟಿ ರೂಪಾಯಿಗೆ ಪಡೆದಂತೆ, ಟೂರ್ನಿಯಿಲ್ಲದ ತಿಂಗಳುಗಳಲ್ಲಿ ಹಣ ಕೊಟ್ಟು ಆಟಗಾರನನ್ನು ತರುವುದೂ ಉಂಟು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿಯಾದ ಮೇಲ್ಮಿತಿಯೇ ಇಲ್ಲ. ಒಂದು ಮಟ್ಟ ದಾಟಿದ ತಂಡ ದಂಡದ ರೂಪದ ತೆರಿಗೆ ಕಟ್ಟಬೇಕು, ಅಷ್ಟೇ. 2025ರಲ್ಲಿ ಆ ಮಟ್ಟ 24.1 ಕೋಟಿ ಡಾಲರ್ ಇತ್ತು. ಲಾಸ್ ಏಂಜಲೀಸ್ ಡಾಡ್ಜರ್ಸ್ ಆ ವರ್ಷ 30 ಕೋಟಿ ಡಾಲರ್ ದಾಟಿ ಖರ್ಚು ಮಾಡಿತು. ಟ್ವಿನ್ಸ್ ತಂಡ ಈ ತೆರಿಗೆಯ ಹತ್ತಿರಕ್ಕೂ ಸುಳಿಯುವುದಿಲ್ಲವಾದ್ದರಿಂದ, "ತೆರಿಗೆಯ ಭಯದಿಂದ ದೊಡ್ಡ ಆಟಗಾರರನ್ನು ತರಲಾಗುತ್ತಿಲ್ಲ" ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ಇಲ್ಲಿಗೇ ಬಿಟ್ಟುಬಿಡಿ. ಬೇರೆ ತಂಡಗಳ ವಿಷಯದಲ್ಲಿ ಅದು ನಿಜವಿರಬಹುದು, ನಿಮ್ಮ ತಂಡದ ವಿಷಯದಲ್ಲಿ ಅಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸವೆಂದರೆ, ಬೇಸ್‌ಬಾಲ್‌ನಲ್ಲಿ ವಿನಿಮಯ ನಡೆಯುವುದು ಋತುವಿನ ನಡುವೆ, ಮತ್ತು ಬೆಲೆ ತೆರುವುದು ಮುಖ್ಯವಾಗಿ ಕೆಳಹಂತದ ಲೀಗ್‌ಗಳಲ್ಲಿ ಬೆಳೆಯುತ್ತಿರುವ ಎಳೆಯ ಆಟಗಾರರ ರೂಪದಲ್ಲಿ. ಆಟಗಾರನೊಬ್ಬ ಮೇಜರ್ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಪೂರೈಸುವವರೆಗೆ ಅವನ ಮೇಲಿನ ಹಕ್ಕು ತಂಡದ್ದೇ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳಕ್ಕೆ ಹತ್ತಿರದ ಮೊತ್ತಕ್ಕೆ ಆಡುತ್ತಾನೆ. 2025ರಲ್ಲಿ ಆ ಕನಿಷ್ಠ ಸಂಬಳ 7.6 ಲಕ್ಷ ಡಾಲರ್. ಬಜೆಟ್ ಬಿಗಿಯಿರುವ ತಂಡಕ್ಕೆ ಇಂಥ ಹುಡುಗನೇ ದೊಡ್ಡ ಆಸ್ತಿ. ಅವನನ್ನು ಕೊಟ್ಟು, ಎರಡು ತಿಂಗಳ ನಂತರ ಒಪ್ಪಂದ ಮುಗಿದು ಹೊರಟುಹೋಗುವ ತಾರೆಯನ್ನು ತರುವುದು ಎಷ್ಟು ದುಬಾರಿ ಎಂದು ಅಂಥ ತಂಡದ ಕಚೇರಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಇದರ ಜೊತೆಗೆ, ಋತುವಿನ ನಡುವೆ ತಂಡ ಬದಲಿಸಿದ ಆಟಗಾರ ವರ್ಷಾಂತ್ಯದಲ್ಲಿ ಬಿಟ್ಟುಹೋದರೆ ಹೊಸ ತಂಡಕ್ಕೆ ಪರಿಹಾರವಾಗಿ ಡ್ರಾಫ್ಟ್‌ನ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ವ್ಯವಸ್ಥೆ) ಆಯ್ಕೆಯೂ ಸಿಗುವುದಿಲ್ಲ. ಕೊಟ್ಟದ್ದು ಕೊಟ್ಟಂತೆಯೇ.

ಇತ್ತೀಚಿನ ವರ್ಷಗಳಲ್ಲಿ ಈ ಪೇಟೆ ಇನ್ನಷ್ಟು ಇಕ್ಕಟ್ಟಾಗಿದೆ. 2019ಕ್ಕೆ ಮುಂಚೆ ಜುಲೈ ಗಡುವು ಮುಗಿದ ಮೇಲೂ ಆಗಸ್ಟ್‌ನಲ್ಲಿ ವೇವರ್ ಎಂಬ ಹಿತ್ತಿಲ ಬಾಗಿಲಿನಿಂದ ವಿನಿಮಯ ಸಾಧ್ಯವಿತ್ತು. ಈಗ ಆ ಬಾಗಿಲು ಮುಚ್ಚಿದೆ. ಇನ್ನೊಂದು ತಂಡ ಕೈಬಿಟ್ಟ ಆಟಗಾರನನ್ನು ಎತ್ತಿಕೊಳ್ಳಬಹುದೇ ಹೊರತು ಕೊಟ್ಟು ತೆಗೆದುಕೊಳ್ಳುವಂತಿಲ್ಲ. 2022ರಿಂದ ಪ್ಲೇಆಫ್‌ಗೆ ಹನ್ನೆರಡು ತಂಡಗಳು ಹೋಗುತ್ತವೆ. ಹೀಗಾಗಿ ಜುಲೈ ಕೊನೆಯಲ್ಲೂ ಇಪ್ಪತ್ತರಷ್ಟು ತಂಡಗಳು ತಮಗೂ ಅವಕಾಶವಿದೆ ಎಂದುಕೊಳ್ಳುತ್ತವೆ. ಕೊಳ್ಳುವವರು ಹೆಚ್ಚಿ ಮಾರುವವರು ಕಡಿಮೆಯಾದಾಗ ಬೆಲೆ ಏರದೆ ಇರುತ್ತದೆಯೇ?

ಈಗ 2023ಕ್ಕೆ ಬರೋಣ. ಆದರೆ ಅದಕ್ಕೆ 2022ರಿಂದ ಹೊರಡಬೇಕು. ನಿಮ್ಮ ಪತ್ರದಲ್ಲಿ ಆ ವರ್ಷದ ಪ್ರಸ್ತಾಪವೇ ಇಲ್ಲ, ನನ್ನ ದೃಷ್ಟಿಯಲ್ಲಿ ಈ ಕಥೆಯ ಬೇರು ಇರುವುದು ಅಲ್ಲಿ. 2022ರ ಗಡುವಿನಲ್ಲಿ ಟ್ವಿನ್ಸ್ ಆಡಳಿತ ನೀವು ಬಯಸುವಂಥ ಕೆಲಸವನ್ನೇ ಮಾಡಿತ್ತು. ಸಿನ್ಸಿನಾಟಿ ರೆಡ್ಸ್‌ನಿಂದ ಸ್ಟಾರ್ಟಿಂಗ್ ಪಿಚರ್ (ಪಂದ್ಯದ ಆರಂಭದಿಂದ ಎಸೆಯುವವರು) ಟೈಲರ್ ಮೇಲಿ ಅವರನ್ನು ತಂದಿತು. ಬಾಲ್ಟಿಮೋರ್‌ನಿಂದ ಆ ವರ್ಷವಷ್ಟೇ ಆಲ್‌ಸ್ಟಾರ್ (ವರ್ಷದ ಆಯ್ದ ತಾರೆಗಳ ಪಂದ್ಯಕ್ಕೆ ಆಯ್ಕೆಯಾದವರು) ಆಗಿದ್ದ ರಿಲೀಫ್ ಪಿಚರ್ ಹೋರ್ಹೆ ಲೋಪೆಜ್ ಅವರನ್ನು ತಂದಿತು. ಡೆಟ್ರಾಯಿಟ್‌ನಿಂದ ಮೈಕೆಲ್ ಫುಲ್ಮರ್ ಬಂದರು. ಆ ಸಂಜೆ ಅಭಿಮಾನಿಗಳು ಸಂಭ್ರಮಿಸಿದರು, ವಿಶ್ಲೇಷಕರೂ ಹೊಗಳಿದರು. ಆಮೇಲೆ ಆದದ್ದೇನು? ಮೇಲಿ ಅವರಿಗೆ ಅದೇ ಜುಲೈನಲ್ಲಿ ಭುಜದ ನೋವು ಕಾಣಿಸಿಕೊಂಡಿತ್ತು. ಗೊತ್ತಿದ್ದೂ ತಂಡ ಆ ಅಪಾಯಕ್ಕೆ ಕೈಹಾಕಿತು. ಎರಡು ವರ್ಷ ಸೇರಿ ಅವರು ಟ್ವಿನ್ಸ್ ಪರ ಒಂಬತ್ತು ಪಂದ್ಯಗಳನ್ನಷ್ಟೇ ಆರಂಭಿಸಿದರು, ನಂತರ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. ಲೋಪೆಜ್ ತಮ್ಮ ಲಯ ಕಳೆದುಕೊಂಡರು. ಅತ್ತ, ಮೇಲಿಗಾಗಿ ಕೊಟ್ಟ ಸ್ಪೆನ್ಸರ್ ಸ್ಟಿಯರ್ ಸಿನ್ಸಿನಾಟಿಯ ಮುಖ್ಯ ಬ್ಯಾಟರ್ ಆದರು. ಲೋಪೆಜ್‌ಗಾಗಿ ಕೊಟ್ಟವರಲ್ಲಿ ಒಬ್ಬರಾದ ಯೆನಿಯರ್ ಕಾನೊ ಮರುವರ್ಷವೇ ಬಾಲ್ಟಿಮೋರ್ ಪರ ಆಲ್‌ಸ್ಟಾರ್ ಆದರು. ಋತುವಿನ ಬಹುಕಾಲ ತಮ್ಮ ವಿಭಾಗದ ಮುಂಚೂಣಿಯಲ್ಲಿದ್ದ ಟ್ವಿನ್ಸ್ 78 ಗೆಲುವು, 84 ಸೋಲಿನೊಂದಿಗೆ 2022 ಅನ್ನು ಮುಗಿಸಿತು.

ಆಟಗಾರರನ್ನು ತೂಗಿ ನೋಡುವ ಕೋಣೆಯಲ್ಲಿ ಇಂಥ ವರ್ಷವೊಂದು ಬಹಳ ಕಾಲ ಉಳಿಯುತ್ತದೆ. ಮುಂದಿನ ಬಾರಿ ಯಾರೋ ಒಬ್ಬರು ದೊಡ್ಡ ಹೆಸರು ಎತ್ತಿದಾಗ, ಮೇಜಿನ ಆಚೆ ಬದಿಯಲ್ಲಿರುವವರು ಹಿಂದೆ ಕೊಟ್ಟ ಹುಡುಗರ ಹೆಸರನ್ನು ಎತ್ತುತ್ತಾರೆ. ಇದನ್ನು ಹೇಡಿತನ ಎನ್ನಲಾರೆ, ಆದರೆ ನೆನಪು ತೀರಾ ಹಸಿಯಾಗಿದ್ದಾಗ ಲೆಕ್ಕ ಸ್ವಲ್ಪ ವಾಲುತ್ತದೆ ಎಂಬುದೂ ಸತ್ಯ.

2023ರಲ್ಲಿ ಫ್ಲೋರೊ ಬಂದದ್ದು ಇದೇ ಲೋಪೆಜ್ ಅವರನ್ನು ಮಯಾಮಿಗೆ ಕೊಟ್ಟು. ಅಂದರೆ ಅದು ಹಿಂದಿನ ವರ್ಷದ ಗಾಯವನ್ನು ತೊಳೆದುಕೊಂಡ ವಿನಿಮಯವೇ ಹೊರತು ಹೊಸ ಬಲವನ್ನು ತಂದದ್ದಲ್ಲ. ಆದರೂ ಆ ವರ್ಷ ತಂಡದ ಪರಿಸ್ಥಿತಿ ಬೇರೆಯಿತ್ತು. ಜನವರಿಯಲ್ಲಿ ಲೂಯಿಸ್ ಅರಾಯೆಸ್ ಅವರನ್ನು ಕೊಟ್ಟು ತಂದಿದ್ದ ಪಾಬ್ಲೊ ಲೋಪೆಜ್ 234 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು; ಸನ್ನಿ ಗ್ರೇ ಶ್ರೇಷ್ಠ ಪಿಚರ್‌ಗೆ ಕೊಡುವ ಆ ವರ್ಷದ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು. ರಾಯ್ಸ್ ಲೂಯಿಸ್, ಎಡ್ವರ್ಡ್ ಜೂಲಿಯನ್, ಮ್ಯಾಟ್ ವಾಲ್ನರ್ ಎಂಬ ಹುಡುಗರು ಬ್ಯಾಟ್ ಹಿಡಿದು ನಿಂತರು. ಗಾಯದಿಂದ ಚೇತರಿಸಿಕೊಂಡ ಪಿಚರ್‌ಗಳು ಸೆಪ್ಟೆಂಬರ್‌ನಲ್ಲಿ ಮರಳಿ ಬುಲ್‌ಪೆನ್ (ರಿಲೀಫ್ ಪಿಚರ್‌ಗಳ ಗುಂಪು) ತುಂಬಿದರು. ಅಕ್ಟೋಬರ್ 3ರಂದು ಟೊರಾಂಟೊ ವಿರುದ್ಧ ಗೆದ್ದು, 2004ರಿಂದ ಸತತ 18 ಪ್ಲೇಆಫ್ ಪಂದ್ಯಗಳನ್ನು ಸೋತಿದ್ದ ಕಳಂಕವನ್ನು ತಂಡ ತೊಳೆದುಕೊಂಡಿತು. ನಿಮ್ಮ ಮನೆಯಲ್ಲಿ ಅಂದು ಯಾರೂ ಫ್ಲೋರೊ ಬಗ್ಗೆ ದೂರಿರಲಾರರು.

ಅದೇ ವರ್ಷ ನಿಮ್ಮ ಎದುರಿಗೇ ಇನ್ನೊಂದು ಪಾಠ ನಡೆದಿತ್ತು. ಲಾಸ್ ಏಂಜಲೀಸ್ ಏಂಜಲ್ಸ್ ತಂಡ, ತನ್ನ ದೊಡ್ಡ ತಾರೆ ಶೋಹೆ ಒಟಾನಿ ಅವರ ಒಪ್ಪಂದದ ಕೊನೆಯ ವರ್ಷವೆಂದು ಎಲ್ಲವನ್ನೂ ಪಣಕ್ಕಿಟ್ಟು ಲೂಕಸ್ ಜಿಯೊಲಿಟೊ, ರೇನಾಲ್ಡೊ ಲೋಪೆಜ್ ಮೊದಲಾದವರನ್ನು ತಂದಿತು. ಆಗಸ್ಟ್‌ನಲ್ಲಿ ಕುಸಿದು, ತಿಂಗಳ ಕೊನೆಗೆ ಅವರನ್ನೇ ವೇವರ್‌ಗೆ, ಅಂದರೆ ಬೇಕಾದ ತಂಡ ಎತ್ತಿಕೊಳ್ಳಲಿ ಎಂದು, ಬಿಟ್ಟಿತು. ಎತ್ತಿಕೊಂಡದ್ದು ಯಾರು? ನಿಮ್ಮ ವಿಭಾಗದ ಎದುರಾಳಿ ಕ್ಲೀವ್‌ಲ್ಯಾಂಡ್, ಸಂಬಳದ ಉಳಿದ ಭಾಗವನ್ನಷ್ಟೇ ಹೊತ್ತು. ಹಾಗೆ ಮಾಡಿಯೂ ಕ್ಲೀವ್‌ಲ್ಯಾಂಡ್‌ಗೆ ಟ್ವಿನ್ಸ್‌ ತಂಡವನ್ನು ಹಿಂದಿಕ್ಕಲಾಗಲಿಲ್ಲ. ಏಂಜಲ್ಸ್ 89 ಪಂದ್ಯ ಸೋತಿತು, ಒಟಾನಿ ಹೊರಟುಹೋದರು. ಗಡುವಿನ ದಿನ ಸದ್ದು ಮಾಡಿದ ತಂಡವೇ ಅಕ್ಟೋಬರ್‌ನಲ್ಲಿ ಆಡುತ್ತದೆ ಎಂಬ ನಂಬಿಕೆಗೆ ಆಧಾರ ಅಷ್ಟು ಗಟ್ಟಿಯಿಲ್ಲ.

ಪುಟ್ಟ ವಿನಿಮಯ ಎಂದರೆ ಕೈಚೆಲ್ಲಿದಂತೆ ಎಂಬ ಮಾತೂ ಹಾಗೆಯೇ. 2021ರ ಅಟ್ಲಾಂಟಾ ಬ್ರೇವ್ಸ್ ಉದಾಹರಣೆಯನ್ನು ನಮ್ಮ ವೃತ್ತಿಯವರು ಹೇಳಿ ಹೇಳಿ ಸವೆಸಿದ್ದಾರೆ, ಆದರೂ ಅದನ್ನು ಬಿಡಲಾಗದು. ಜುಲೈನಲ್ಲಿ ತಂಡದ ತಾರೆ, ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವರು) ರೊನಾಲ್ಡ್ ಅಕುನ್ಯ ಮೊಣಕಾಲಿನ ಗಾಯದಿಂದ ಹೊರಬಿದ್ದರು. ಗಡುವಿನ ಹೊತ್ತಿಗೆ ತಂಡದ ಗೆಲುವಿಗಿಂತ ಸೋಲೇ ಹೆಚ್ಚಿತ್ತು. ತಂಡ ಒಬ್ಬ ತಾರೆಯನ್ನು ಹುಡುಕಲಿಲ್ಲ. ಜಾಕ್ ಪೀಡರ್ಸನ್, ಆಡಮ್ ಡುವಾಲ್, ಹೋರ್ಹೆ ಸೊಲೇರ್, ಎಡ್ಡಿ ರೊಸಾರಿಯೊ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು ಅಗ್ಗದಲ್ಲಿ ತಂದಿತು. ರೊಸಾರಿಯೊ ಟ್ವಿನ್ಸ್‌ನವರೇ, 2020ರ ನಂತರ ನಿಮ್ಮ ತಂಡ ಬಿಟ್ಟುಕೊಟ್ಟವರು. ಅವರಿಗಾಗಿ ಅಟ್ಲಾಂಟಾ ಕೊಟ್ಟ ಪಾಬ್ಲೊ ಸ್ಯಾಂಡೊವಾಲ್ ಅವರನ್ನು ಕ್ಲೀವ್‌ಲ್ಯಾಂಡ್ ಕೂಡಲೇ ಬಿಡುಗಡೆ ಮಾಡಿತು ಎಂದರೆ ಬೆಲೆ ಎಷ್ಟು ಕಡಿಮೆಯಿತ್ತೆಂದು ತಿಳಿಯಬಹುದು. ಆ ರೊಸಾರಿಯೊ ನ್ಯಾಷನಲ್ ಲೀಗ್ ಫೈನಲ್‌ನ ಸರಣಿಶ್ರೇಷ್ಠರಾದರು, ಸೊಲೇರ್ ಚಾಂಪಿಯನ್ ಪಟ್ಟದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಸರಣಿಶ್ರೇಷ್ಠರಾದರು, ಬ್ರೇವ್ಸ್ ಚಾಂಪಿಯನ್ ಆಯಿತು. ನಿಮ್ಮ ತಂಡದ ಚರಿತ್ರೆಯಲ್ಲೂ ಇಂಥದ್ದುಂಟು. 1987ರಲ್ಲಿ ಬಾಸ್ಟನ್‌ನಿಂದ ಋತುವಿನ ಕೊನೆಯ ಹೊತ್ತಿಗೆ ಬಂದ ಹಿರಿಯ ಆಟಗಾರ ಡಾನ್ ಬೇಲರ್, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಹೊಡೆದ ಹೋಮ್ ರನ್‌ನಿಂದ ಸ್ಕೋರು 5-5ಕ್ಕೆ ಸಮವಾಯಿತು. ಸೋತಿದ್ದರೆ ಅಲ್ಲಿಗೇ ಮುಗಿಯುತ್ತಿದ್ದ ಆ ಸರಣಿಯನ್ನು ಟ್ವಿನ್ಸ್ ಗೆದ್ದಿತು.

ಆದರೆ ಈ ಉದಾಹರಣೆಯನ್ನು ಹಿಡಿದು ಯಾವುದೇ ಪುಟ್ಟ ವಿನಿಮಯವನ್ನು ಸಮರ್ಥಿಸುವವರನ್ನು ನಂಬಬೇಡಿ. ಅಟ್ಲಾಂಟಾ ತನ್ನ ತಂಡದಲ್ಲಿ ಬಿದ್ದ ಕಂದಕ ಎಲ್ಲಿದೆ ಎಂದು ನೋಡಿ, ಅದೇ ಜಾಗಕ್ಕೆ ನಾಲ್ಕು ಬಾರಿ ಪ್ರಯತ್ನಿಸಿತು. ಒಬ್ಬ ವಿಫಲನಾದರೆ ಇನ್ನೊಬ್ಬನಿದ್ದ. ಪುಟ್ಟ ವಿನಿಮಯಕ್ಕೆ ಬಲ ಬರುವುದು ಸಂಖ್ಯೆಯಿಂದ ಮತ್ತು ಅದು ಬಿದ್ದ ಜಾಗದಿಂದ.

2024ರಲ್ಲಿ ಟ್ವಿನ್ಸ್ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಿನ್ನೆಲೆ ಇಷ್ಟು: ಪ್ಲೇಆಫ್ ಗೆದ್ದ ಮರುತಿಂಗಳೇ ಆಡಳಿತ ಸಂಬಳದ ಬಜೆಟ್ಟನ್ನು ಸುಮಾರು 3 ಕೋಟಿ ಡಾಲರ್‌ನಷ್ಟು ಇಳಿಸಿತು. ಪ್ರಾದೇಶಿಕ ಟಿವಿ ಪ್ರಸಾರ ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಟ್ವಿನ್ಸ್‌ನ ಒಪ್ಪಂದ ಆ ವರ್ಷವೇ ಮುಗಿದಿತ್ತು, ಮುಂದಿನ ವರ್ಷ ಕಡಿಮೆ ಮೊತ್ತಕ್ಕೆ ಒಂದು ವರ್ಷದ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಇದು ನೆಪವಲ್ಲ, ನಿಜವಾದ ನಷ್ಟ. ಆದರೆ ನಷ್ಟದ ಭಾರವನ್ನು ಮಾಲೀಕರು ಹೊರಬೇಕೋ ಆಟಗಾರರ ಪಟ್ಟಿ ಹೊರಬೇಕೋ ಎಂಬುದು ಆಯ್ಕೆಯ ವಿಷಯ, ತಂಡದ ಒಡೆತನ ಹೊಂದಿರುವ ಪೋಲಾಡ್ ಕುಟುಂಬ ಎರಡನೆಯದನ್ನು ಆರಿಸಿತು. ಸನ್ನಿ ಗ್ರೇ, ಕೆಂಟಾ ಮಾಯೆಡಾ ಹೊರಟುಹೋದರು. ಅವರ ಜಾಗಕ್ಕೆ ಅದೇ ದರ್ಜೆಯವರು ಬರಲಿಲ್ಲ.

ಜುಲೈ 30ರ ಗಡುವಿನ ಹೊತ್ತಿಗೆ ತಂಡದ ತಾರೆ ಕಾರ್ಲೊಸ್ ಕೊರಿಯಾ ಪಾದದ ನೋವಿನಿಂದ ಹೊರಗಿದ್ದರು, ಪಿಚರ್ ಕ್ರಿಸ್ ಪ್ಯಾಡ್ಯಾಕ್ ಕೂಡ ಗಾಯಾಳು. ಸ್ಟಾರ್ಟಿಂಗ್ ಪಿಚರ್‌ಗಳ ಪಟ್ಟಿಯಲ್ಲಿ ಅನುಭವವಿಲ್ಲದ ಹುಡುಗರೇ ಹೆಚ್ಚಿದ್ದರು. ಕಂದಕ ಎಲ್ಲಿದೆಯೆಂದು ಕಾಣಲು ತಜ್ಞತೆ ಬೇಕಿರಲಿಲ್ಲ. ಬಂದದ್ದು ಟೊರಾಂಟೊದ ರಿಚರ್ಡ್ಸ್ ಒಬ್ಬರೇ, ಅವರನ್ನೂ ಆಗಸ್ಟ್ ಕೊನೆಯ ಹೊತ್ತಿಗೆ ತಂಡ ಕೈಬಿಟ್ಟಿತು. ಗಡುವು ಮುಗಿದು ಒಂದೇ ವಾರಕ್ಕೆ ಸ್ಟಾರ್ಟಿಂಗ್ ಪಿಚರ್ ಜೋ ರಯನ್ ಭುಜದ ಬಳಿಯ ಸ್ನಾಯು ಸೆಳೆತದಿಂದ ಇಡೀ ಋತುವಿಗೆ ಹೊರಬಿದ್ದರು. ಆಗಸ್ಟ್ ಮಧ್ಯದಲ್ಲಿ 70 ಗೆಲುವು, 53 ಸೋಲಿನಲ್ಲಿದ್ದ ತಂಡ ಉಳಿದ 39 ಪಂದ್ಯಗಳಲ್ಲಿ 12ನ್ನಷ್ಟೇ ಗೆದ್ದು 82ಕ್ಕೆ ನಿಂತಿತು. ಡೆಟ್ರಾಯಿಟ್ ಮತ್ತು ಕ್ಯಾನ್ಸಸ್ ಸಿಟಿ ತಲಾ 86 ಗೆದ್ದು ಪ್ಲೇಆಫ್‌ಗೆ ಹೋದವು.

ಒಬ್ಬ ದೊಡ್ಡ ಆಟಗಾರ ಬಂದಿದ್ದರೆ ಸಾಕಾಗುತ್ತಿತ್ತೇ ಎಂದು ಕೇಳಿದ್ದೀರಿ. ನಮ್ಮ ವೃತ್ತಿಯ ಒರಟು ಲೆಕ್ಕವನ್ನು ಹೇಳುತ್ತೇನೆ. ಇಡೀ 162 ಪಂದ್ಯಗಳಲ್ಲಿ ತಂಡಕ್ಕೆ ಮೂರು ಗೆಲುವುಗಳನ್ನು ಹೆಚ್ಚುವರಿಯಾಗಿ ತರುವವನನ್ನು ಒಳ್ಳೆಯ ಆಟಗಾರ ಎನ್ನುತ್ತೇವೆ. ಆರು ಗೆಲುವು ತರುವವನು ತಾರೆ. ಗಡುವಿನ ನಂತರ ಉಳಿಯುವುದು ಋತುವಿನ ಮೂರನೇ ಒಂದು ಭಾಗ. ಅಂದರೆ ಒಳ್ಳೆಯ ಆಟಗಾರನಿಂದ ಒಂದು ಗೆಲುವು, ತಾರೆಯಿಂದ ಎರಡು. ನಿಮ್ಮ ತಂಡಕ್ಕೆ ಬೇಕಿದ್ದದ್ದು ಕನಿಷ್ಠ ನಾಲ್ಕು. ಒಬ್ಬನಿಂದ ಆಗುತ್ತಿರಲಿಲ್ಲ. ಆದರೆ ಈ ಲೆಕ್ಕಕ್ಕೆ ಒಂದು ತಿದ್ದುಪಡಿಯಿದೆ, ಅದನ್ನು ಹೊರಗಿನವರು ಸಾಮಾನ್ಯವಾಗಿ ಮರೆಯುತ್ತಾರೆ. ಹೊಸಬನ ಬೆಲೆಯನ್ನು ಅವನು ಯಾರ ಜಾಗಕ್ಕೆ ಬರುತ್ತಾನೆ ಎಂಬುದರಿಂದ ಅಳೆಯಬೇಕು. ಇನ್ನೂ ಹದವಾಗದ, ಮೂರು ಇನ್ನಿಂಗ್ಸ್‌ಗೇ ದಣಿಯುವ ಹುಡುಗನ ಜಾಗಕ್ಕೆ ಐದಾರು ಇನ್ನಿಂಗ್ಸ್ ತಾಳುವ ಸಾಧಾರಣ ಸ್ಟಾರ್ಟರ್ ಬಂದರೆ ಬುಲ್‌ಪೆನ್ ಕೂಡ ಉಸಿರಾಡುತ್ತದೆ, ಅದರ ಫಲ ಮರುದಿನದ ಪಂದ್ಯಕ್ಕೂ ಹೋಗುತ್ತದೆ. ಅಂಥ ಇಬ್ಬರು, ಜೊತೆಗೆ ಒಬ್ಬ ನಂಬಿಕಸ್ಥ ರಿಲೀವರ್ ಬಂದಿದ್ದರೆ, ತಲುಪುತ್ತಿದ್ದೆವು ಎಂದು ಆಣೆ ಮಾಡಲಾರೆನಾದರೂ, ಸೆಪ್ಟೆಂಬರ್ ಕೊನೆಯ ವಾರದವರೆಗೆ ಹೋರಾಟವಾದರೂ ಇರುತ್ತಿತ್ತು ಎನ್ನಬಲ್ಲೆ.

ಇದು ಆ ಬೇಸಿಗೆಯಲ್ಲಿ ಅಸಾಧ್ಯವೂ ಆಗಿರಲಿಲ್ಲ. ನಿಮ್ಮದೇ ವಿಭಾಗದ ಕ್ಯಾನ್ಸಸ್ ಸಿಟಿ, ಹೆಚ್ಚು ಹಣವಂತ ತಂಡವೇನಲ್ಲ, ಸ್ಟಾರ್ಟರ್ ಮೈಕೆಲ್ ಲೊರೆಂಜನ್ ಅವರನ್ನು ಮತ್ತು ಓಕ್ಲೆಂಡ್‌ನಿಂದ ಲೂಕಸ್ ಅರ್ಸೆಗ್ ಅವರನ್ನು ತಂದಿತು. ಅರ್ಸೆಗ್ ಕೊನೆಯ ಇನ್ನಿಂಗ್ಸ್‌ನ ಹೊಣೆ ಹೊತ್ತರು. ಕ್ಲೀವ್‌ಲ್ಯಾಂಡ್ ತಂದ ಲೇನ್ ಥಾಮಸ್, ಡೆಟ್ರಾಯಿಟ್ ವಿರುದ್ಧದ ಪ್ಲೇಆಫ್ ಸರಣಿಯ ಐದನೇ ಪಂದ್ಯದಲ್ಲಿ ತಾರಿಕ್ ಸ್ಕೂಬಲ್ ಅವರ ಎಸೆತಕ್ಕೆ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದು ಸರಣಿಯನ್ನೇ ತಿರುಗಿಸಿದರು. ಇವುಗಳಲ್ಲಿ ಯಾವುದೂ ಆ ದಿನ ದೊಡ್ಡ ಸುದ್ದಿಯಾಗಿರಲಿಲ್ಲ. ಡೆಟ್ರಾಯಿಟ್ ಮಾತ್ರ ನನ್ನ ವಾದಕ್ಕೆ ಅಡ್ಡ ನಿಲ್ಲುತ್ತದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ: ಅದು ತನ್ನ ಪಿಚರ್ ಜ್ಯಾಕ್ ಫ್ಲಾಹರ್ಟಿ ಅವರನ್ನು ಡಾಡ್ಜರ್ಸ್‌ಗೆ ಮಾರಿಯೂ ನಿಮ್ಮನ್ನು ದಾಟಿಹೋಯಿತು. ಈ ಆಟದಲ್ಲಿ ಅಷ್ಟು ಅನಿಶ್ಚಿತತೆ ಯಾವಾಗಲೂ ಇರುತ್ತದೆ.

ಹಾಗಾದರೆ ತಪ್ಪು ಯಾರದು? ಬಜೆಟ್ ಮಾಲೀಕರದು. ಜುಲೈನಲ್ಲಿ ಆಟಗಾರನೊಬ್ಬನ ವಾರ್ಷಿಕ ಸಂಬಳದ ಮೂರನೇ ಒಂದು ಭಾಗವಷ್ಟೇ ಬಾಕಿಯಿರುತ್ತದೆ. ಆ ಅಲ್ಪ ಮೊತ್ತಕ್ಕೂ ಜಾಗವಿಲ್ಲದಿದ್ದರೆ, ಆಗ ಆಡಳಿತದ ಮುಖ್ಯಸ್ಥರಾಗಿದ್ದ ಡೆರೆಕ್ ಫಾಲ್ವಿ ಅವರಿಗೆ ಉಳಿಯುತ್ತಿದ್ದ ದಾರಿ ಒಂದೇ, ಸಂಬಳವನ್ನು ಎದುರು ತಂಡವೇ ಹೊರುವಂತೆ ಒಪ್ಪಿಸಿ ಅದಕ್ಕಾಗಿ ಇನ್ನೂ ಒಳ್ಳೆಯ ಹುಡುಗರನ್ನು ಕೊಡುವುದು. ಹಣದ ಬದಲು ಪ್ರತಿಭೆಯಿಂದ ಬೆಲೆ ತೆರುವ ಈ ದಾರಿ ಬಡ ತಂಡಗಳನ್ನು ಇನ್ನಷ್ಟು ಬಡವಾಗಿಸುತ್ತದೆ. ಆಡಳಿತದವರು ಅದನ್ನು ನಿರಾಕರಿಸಿದ್ದು ತಪ್ಪಲ್ಲ. ಆದರೆ ಲೊರೆಂಜನ್ ದರ್ಜೆಯ ಒಬ್ಬ ಸ್ಟಾರ್ಟರ್ ಕೂಡ ಎಟುಕದಿದ್ದದ್ದಕ್ಕೆ ಅವರೂ ಉತ್ತರ ಹೇಳಬೇಕು. ಜಿಪುಣತನವೇ, ಅಸಮರ್ಥತೆಯೇ ಎಂಬ ನಿಮ್ಮ ಪ್ರಶ್ನೆಗೆ 2024ರ ಮಟ್ಟಿಗೆ ನನ್ನ ಉತ್ತರ ಇದು: ಮೊದಲನೆಯದು ಬಹುಪಾಲು, ಎರಡನೆಯದು ಸ್ವಲ್ಪ.

2025ರ ಬಗ್ಗೆ ನಿಮ್ಮ ಮಗಳಿಗೆ ಏನು ಹೇಳಬೇಕು ಎಂಬುದು ಕಷ್ಟದ ಪ್ರಶ್ನೆ. ಹಿಂದಿನ ಚಳಿಗಾಲದಲ್ಲಿ ಸಣ್ಣ ಮೊತ್ತಕ್ಕೆ ಕರೆತಂದಿದ್ದ ಹ್ಯಾರಿಸನ್ ಬೇಡರ್, ಟೈ ಫ್ರಾನ್ಸ್, ಡ್ಯಾನಿ ಕೂಲೊಂಬ್ ಅವರನ್ನು ಸೋಲುತ್ತಿರುವ ತಂಡ ಮಾರಿದ್ದರಲ್ಲಿ ವಿಶೇಷವೇನಿಲ್ಲ. ವರ್ಷಾಂತ್ಯದಲ್ಲಿ ಹೇಗೂ ಕೈತಪ್ಪುವವರು. ರಿಲೀಫ್ ಪಿಚರ್ ಯೋಆನ್ ಡುರಾನ್ ಅವರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಎಳೆಯ ಕ್ಯಾಚರ್ ಎಡ್ವಾರ್ಡೊ ಟೈಟ್ ಮತ್ತು ಪಿಚರ್ ಮಿಕ್ ಏಬಲ್ ಅವರನ್ನು ಪಡೆದದ್ದು ನೋವಿನದಾದರೂ ಲೆಕ್ಕಕ್ಕೆ ಕೂರುತ್ತದೆ, ಏಕೆಂದರೆ ರಿಲೀವರ್‌ನ ತೋಳು ಎಷ್ಟು ವರ್ಷ ಬಾಳುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ವಾರ್ಲಂಡ್ ವಿಷಯ ಬೇರೆ. ಕಡಿಮೆ ಸಂಬಳದ, ಇನ್ನೂ ಹಲವು ವರ್ಷ ತಂಡದ ಹಕ್ಕಿನಲ್ಲಿರುತ್ತಿದ್ದ, ಸೇಂಟ್ ಪಾಲ್‌ನಲ್ಲಿ ಹುಟ್ಟಿ ಬೆಳೆದ ಪಿಚರ್‌ನನ್ನು ಮಾರುವ ತುರ್ತು ಏನಿತ್ತು? ಟೊರಾಂಟೊ ಆತನನ್ನು ಆ ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ 15 ಪಂದ್ಯಗಳಲ್ಲಿ ಬಳಸಿತು. ಒಂದೇ ವರ್ಷದ ಪ್ಲೇಆಫ್‌ನಲ್ಲಿ ಅಷ್ಟು ಪಂದ್ಯಗಳಲ್ಲಿ ಎಸೆದ ಪಿಚರ್ ಇನ್ನೊಬ್ಬನಿಲ್ಲ. ಕೊರಿಯಾ ಅವರನ್ನು ಹ್ಯೂಸ್ಟನ್‌ಗೆ ಕಳಿಸುವಾಗ 3.3 ಕೋಟಿ ಡಾಲರ್ ಕೈಯಿಂದ ಕೊಟ್ಟದ್ದಂತೂ ಆಟದ ಲೆಕ್ಕವಲ್ಲ, ಹಣದ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ತಂಡವನ್ನೇ ಮಾರುವ ಯೋಚನೆಯಿದೆ ಎಂದಿದ್ದ ಮಾಲೀಕ ಕುಟುಂಬ, ಈ ಮಾರಾಟದ ಕೆಲವೇ ದಿನಗಳಲ್ಲಿ, ತಂಡವನ್ನು ಉಳಿಸಿಕೊಂಡು ಹೊಸ ಪಾಲುದಾರರನ್ನು ಸೇರಿಸಿಕೊಳ್ಳುವುದಾಗಿ ಪ್ರಕಟಿಸಿತು ಎಂಬುದನ್ನು ಜೊತೆಯಲ್ಲಿಟ್ಟು ನೋಡಿ.

ಟಿಕೆಟ್ ವಿಷಯ. ನವೀಕರಿಸಿದರೆ ನಿಮ್ಮ ಆಸನ, ಹಿರಿತನದ ಸೌಲಭ್ಯಗಳು ಉಳಿಯುತ್ತವೆ, ಆದರೆ ತಂಡ ಏನು ಮಾಡಲಿದೆ ಎಂದು ತಿಳಿಯುವ ಮುನ್ನವೇ ಹಣ ಕೊಟ್ಟಿರುತ್ತೀರಿ. ಆಟಗಾರರ ಸಂಘ ಮತ್ತು ಲೀಗ್ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುವುದರಿಂದ, ಅದರಾಚೆಯ ಋತುವಿಗೆ ಮುಂಗಡ ಕಟ್ಟುವಾಗ ಪಂದ್ಯಗಳು ನಿಂತರೆ ಹಣ ವಾಪಸಿನ ನಿಯಮವೇನೆಂದು ಬರಹದಲ್ಲಿ ಕೇಳಿ ಪಡೆಯಿರಿ. ಬಿಟ್ಟುಬಿಟ್ಟರೆ ನಿಮ್ಮ ಸಿಟ್ಟು ಮಾಲೀಕರಿಗೆ ಅರ್ಥವಾಗುವ ಭಾಷೆಯಲ್ಲಿ ತಲುಪುತ್ತದೆ ನಿಜ, ಜೊತೆಗೆ ಆದಾಯ ಕಡಿಮೆಯಾಯಿತೆಂದು ಬಜೆಟ್ ಇನ್ನೊಮ್ಮೆ ಇಳಿಸಲು ಅವರಿಗೆ ಕಾರಣವೂ ಸಿಗುತ್ತದೆ. ಕಳೆದ ಋತುವಿನ ಖಾಲಿ ಆಸನಗಳಿಂದ ಎರಡೂ ಆಗಬಹುದಿತ್ತು. ನನ್ನನ್ನು ಕೇಳಿದರೆ ಮಧ್ಯದ ದಾರಿ ವಾಸಿ: ಪೂರ್ಣ ಸೀಸನ್ ಬದಲು ಕೆಲವೇ ಪಂದ್ಯಗಳ ಸಣ್ಣ ಪ್ಯಾಕೇಜು ತೆಗೆದುಕೊಳ್ಳಿ, ಉಳಿದದ್ದನ್ನು ಬೇಕಾದಾಗ ಬಿಡಿಯಾಗಿ ಕೊಳ್ಳಿ. ಸೋಲುವ ತಂಡದ ಬಿಡಿ ಟಿಕೆಟ್ ಅಗ್ಗವಾಗುತ್ತದೆ. ಗೆಲ್ಲತೊಡಗಿದರೆ ದುಬಾರಿಯಾಗುವ ಅಪಾಯವನ್ನು ಸಂತೋಷದಿಂದ ಹೊರಬಹುದು. ಉಳಿಸಿದ ಹಣದಲ್ಲಿ ಸೇಂಟ್ ಪಾಲ್‌ನ ಸಿಎಚ್‌ಎಸ್ ಫೀಲ್ಡ್‌ಗೆ ಮಗಳನ್ನು ಕರೆದೊಯ್ಯಿರಿ. ಅಲ್ಲಿ ಆಡುವ ಸೇಂಟ್ಸ್ ತಂಡ 2021ರಿಂದ ಟ್ವಿನ್ಸ್‌ನ ನೇರ ಕೆಳಹಂತದ ತಂಡ. ಡುರಾನ್, ವಾರ್ಲಂಡ್ ಅವರ ಬದಲಿಗೆ ಬಂದ ಹುಡುಗರಲ್ಲಿ ಮೇಲೇರುತ್ತಿರುವವರು ಹಾದುಹೋಗುವುದು ಆ ಮೈದಾನದಲ್ಲೇ. ಆ ವಿನಿಮಯಗಳು ಸರಿಯೋ ತಪ್ಪೋ ಎಂದು ನಿಮ್ಮ ಕಣ್ಣಿಂದಲೇ ಅಳೆಯಬಹುದು.

ಮುಂದಿನ ಗಡುವಿನ ದಿನ ಫೋನ್ ಹಿಡಿದು ಕೂರುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ತಂಡದ ಸಂಬಳದ ಮೊತ್ತ ಏರಿತೇ, ಇಳಿಯಿತೇ? ಜುಲೈ ಮಧ್ಯದಲ್ಲಿ ಸ್ಟಾರ್ಟರ್‌ಗಳು ಸರಾಸರಿ ಎಷ್ಟು ಇನ್ನಿಂಗ್ಸ್ ಎಸೆಯುತ್ತಿದ್ದಾರೆ? ಮೊದಲನೆಯದು ಇಳಿದಿದ್ದು ಎರಡನೆಯದು ಐದಕ್ಕಿಂತ ಕೆಳಗಿದ್ದರೆ, ಆ ದಿನ ಬರುವ ಒಬ್ಬ ರಿಲೀವರ್‌ನಿಂದ ಏನನ್ನೂ ನಿರೀಕ್ಷಿಸಬೇಡಿ, ಸಿಟ್ಟು ಬಂದರೆ ಪತ್ರವನ್ನು ಮಾಲೀಕರಿಗೆ ಬರೆಯಿರಿ. ಮೊತ್ತ ಏರಿದ್ದೂ ಒಬ್ಬ ರಿಲೀವರ್ ಮಾತ್ರ ಬಂದರೆ ಆಗ ಆಡಳಿತ ಕಚೇರಿಗೆ ಬರೆಯಿರಿ.